ಹೆರಿಗೆ ಭತ್ಯೆಯ ಅರ್ಹತೆ: ಒಂದು ವಿಮರ್ಶೆ

ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಾಫಿ, ಏಲಕ್ಕಿಗಳ ಸೀಮೆ. ಹೆಸರಿನಲ್ಲಿ ‘ಹೆತ್ತ’ ಎಂಬ ಶಬ್ದ ಕಿವಿಗೆ ಬಿದ್ದರೂ ಅದರಿಂದ ನಿರುಕ್ತಿ ಹೊಸೆಯುವುದು ಇಲ್ಲಿನ ಉದ್ದೇಶವಲ್ಲ. ಹೆತ್ತ ಕೂಲಿ ಹೆಂಗಸಿಗೆ ಶಾಸನವು ಏನನ್ನು, ಯಾವ ಮಾತಿನಲ್ಲಿ ಕೊಡುತ್ತದೆ ಎಂಬುದಷ್ಟೇ ವಿಚಾರ.

1961ರ ಪ್ರಸೂತಿ ಸೌಲಭ್ಯ ಕಾಯಿದೆಯು ತೋಟಗಳನ್ನು ಮೊದಲಿನಿಂದಲೂ ಒಳಗೊಂಡಿತ್ತು. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 160 ದಿನ ದುಡಿದಿರಬೇಕೆಂಬ ನಿಯಮ 1988ರ ತಿದ್ದುಪಡಿಯಿಂದ 80 ದಿನಕ್ಕೆ ಇಳಿಯಿತು. 12 ವಾರಗಳ ವೇತನಸಹಿತ ವಿರಾಮ 2017ರಲ್ಲಿ, ಮೊದಲ ಎರಡು ಮಕ್ಕಳ ಮಟ್ಟಿಗೆ, 26 ವಾರವಾಯಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಅಂಕಿಗಳನ್ನೇ ಉಳಿಸಿಕೊಂಡಿದೆ. ನೋಡಲು ಉದಾರವೇ ಸರಿ. ಆದರೆ ಆ 80 ದಿನಗಳು ಒಬ್ಬನೇ ಮಾಲೀಕನಲ್ಲಿ ಸಲ್ಲಬೇಕು. ಅರೇಬಿಕಾ ಕೊಯ್ಲಿಗೆ ಒಂದು ತೋಟ, ರೋಬಸ್ಟಾಕ್ಕೆ ಇನ್ನೊಂದು, ಕಳೆ ತೆಗೆಯಲು ಮತ್ತೊಂದು ಎಂದು ಅಲೆಯುವವಳು ವರ್ಷವಿಡೀ ದುಡಿದೂ ಯಾರ ಲೆಕ್ಕದಲ್ಲಿಯೂ 80 ಮುಟ್ಟದೆ ಹೋಗಬಹುದು. ಮೇಲಾಗಿ ಶಾಸನದ ಅರ್ಥದಲ್ಲಿ ‘ತೋಟ’ವೆನಿಸಲು 5 ಹೆಕ್ಟೇರ್ ನೆಲವಿರಬೇಕು. ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಚಿಕ್ಕವೇ ಆಗಿರುವ ನಾಡಿನಲ್ಲಿ ಈ ಗಡಿ ಎಷ್ಟು ಮಂದಿಯನ್ನು ಹೊರಗಿಟ್ಟೀತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಹೊರಗುಳಿದವಳ ಪಾಲಿಗೆ 2017ರ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯುಂಟು: ಮೊದಲ ಮಗುವಿಗೆ 5,000 ರೂಪಾಯಿ, 2022ರ ಏಪ್ರಿಲಿನಿಂದ, ಎರಡನೆಯದು ಹೆಣ್ಣಾದರೆ 6,000. ಐದು ಸಾವಿರವನ್ನು ಮೇಲಿನ 26 ವಾರಗಳಿಗೆ ಹಂಚಿದರೆ ದಿನಕ್ಕೆ 27 ರೂಪಾಯಿ ಚಿಲ್ಲರೆ. ತೋಟದ ದಿನಗೂಲಿಯ ಹತ್ತನೆಯ ಒಂದು ಪಾಲೂ ಅಲ್ಲ. 2013ರ ಆಹಾರ ಭದ್ರತಾ ಕಾಯಿದೆಯಾದರೋ, ಸರ್ಕಾರಿ ನೌಕರರೇ ಮೊದಲಾದವರನ್ನು ಬಿಟ್ಟು, ಪ್ರತಿಯೊಬ್ಬ ಗರ್ಭಿಣಿಗೂ 6,000ಕ್ಕೆ ಕಡಿಮೆಯಿಲ್ಲದ ಭತ್ಯೆಯನ್ನು ವಿಧಿಸಿತ್ತು. ಕೊರತೆಯ ಸಾವಿರವನ್ನು ಜನನಿ ಸುರಕ್ಷಾ ಯೋಜನೆ ಸರಾಸರಿಯಲ್ಲಿ ತುಂಬುತ್ತದೆಂಬ ಸಮಾಧಾನವನ್ನು ಹೇಳುವುದುಂಟು. ಸರಾಸರಿಯನ್ನು ಯಾವ ಬಾಣಂತಿಯೂ ಉಣ್ಣಲಾರಳು. ಎರಡನೆಯದು ಗಂಡಾದರೆ ತಾಯಿಯ ದಣಿವು ಕಡಿಮೆಯೆ?

ಹೆಸರುಗಳೂ ಗಮನಾರ್ಹ: ಕೇಂದ್ರದ್ದು ‘ವಂದನೆ’, ರಾಜ್ಯ ಕೊಟ್ಟವು ‘ಮಡಿಲು’, ‘ತಾಯಿ ಭಾಗ್ಯ’. ಮಡಿಲು ತುಂಬುವುದು ತೌರಿನವರ ಪ್ರೀತಿ. ಅದನ್ನು ಹಠ ಹಿಡಿದು ಕೇಳುವಂತಿಲ್ಲ. ಕೂಲಿಯನ್ನು ಕೇಳಬಹುದು.

ಮಾರ್ಗವಿಲ್ಲದೆ ಇಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯಿದೆ, ಹನ್ನೆರಡು ತಿಂಗಳಲ್ಲಿ 90 ದಿನದ ದುಡಿಮೆಯನ್ನು ಕೇಳಿತೇ ಹೊರತು ಒಬ್ಬನೇ ಮಾಲೀಕನನ್ನು ಕೇಳಲಿಲ್ಲ. ಹೆರಿಗೆಯ ನೆರವನ್ನು ಕಲ್ಯಾಣ ಮಂಡಳಿಯ ನಿಧಿಗೆ ವಹಿಸಿತು. ಆ ಎಣಿಕೆಯನ್ನು ಕಾಫಿ ಕೊಯ್ಯುವವಳಿಗೂ ಅನ್ವಯಿಸಿದರೆ ಹೆತ್ತೂರಿನ ಮೂರು ತೋಟಗಳ ಹಾಜರಿಯನ್ನು ಕೂಡಿಸಿ ಒಂದೇ ಪುಟದಲ್ಲಿ ಬರೆಯಬಹುದು.