ಎರಡು ಬಾರಿ ತಿದ್ದಿದ ಒಂದೇ ತಪ್ಪು

ಲಿನಕ್ಸ್ ಕರ್ನಲ್‌ನ ಅಸೆಂಬ್ಲಿ ಕೋಡಿನಲ್ಲಿ ‘ಮೂವ್‌ಎಲ್ ಇಎಎಕ್ಸ್, ಇಎಎಕ್ಸ್’ ಎಂಬ ಸಾಲೊಂದು ಕಾಣುತ್ತಿತ್ತು. ರಿಜಿಸ್ಟರಿನಲ್ಲಿರುವುದನ್ನು ಅದೇ ರಿಜಿಸ್ಟರಿಗೆ ನಕಲು ಮಾಡುವ ಈ ಸಾಲು ಮೊದಲ ನೋಟಕ್ಕೆ ವ್ಯರ್ಥ. ಆದರೆ 64 ಬಿಟ್‌ನ ಎಕ್ಸ್86 ಪ್ರೊಸೆಸರಿನಲ್ಲಿ ಕೆಳಗಿನ 32 ಬಿಟ್‌ಗೆ ಏನು ಬರೆದರೂ ಮೇಲಿನ 32 ಬಿಟ್ ಸೊನ್ನೆಯಾಗುತ್ತದೆ. ಆ ಸೊನ್ನೆಗಾಗಿಯೇ ಈ ಸಾಲು. ಅದು ಮಾಡುವ ಕೆಲಸ ಬೇಕಾದ ಜಾಗದಲ್ಲಿ ಆಗದೆ, ಒಂದೇ ಭದ್ರತಾ ದೋಷ 2007ರಲ್ಲಿ ಮತ್ತು 2010ರಲ್ಲಿ ಎರಡು ಸಲ ಪತ್ತೆಯಾಯಿತು.

ದೋಷದ ಬಗೆ ಹೀಗೆ. 32 ಬಿಟ್‌ನ ಪ್ರೋಗ್ರಾಂ ಕರ್ನಲ್‌ನ ಸೇವೆ ಕೇಳುವಾಗ ಸಿಸ್ಟಂ ಕಾಲ್‌ನ ಸಂಖ್ಯೆಯನ್ನು ಇಎಎಕ್ಸ್‌ನಲ್ಲಿ ಇಡುತ್ತದೆ. ಸಂಖ್ಯೆ ಮಿತಿಯೊಳಗಿದೆಯೇ ಎಂದು ಕರ್ನಲ್ ನೋಡುತ್ತಿದ್ದದ್ದು ಕೆಳಗಿನ 32 ಬಿಟ್ ಮಾತ್ರ. ಸಿಸ್ಟಂ ಕಾಲ್‌ಗಳ ಕೋಷ್ಟಕದಿಂದ ವಿಳಾಸ ಎತ್ತಿಕೊಳ್ಳಲು ಬಳಸುತ್ತಿದ್ದದ್ದು, ಇಎಎಕ್ಸ್ ಯಾವುದರ ಕೆಳಗಿನ ಅರ್ಧವೋ ಆ ಪೂರ್ತಿ 64 ಬಿಟ್‌ನ ಆರ್‌ಎಎಕ್ಸ್. ನಡುವೆ ಡಿಬಗ್ಗರ್‌ಗಳು ಬಳಸುವ ಪಿಟ್ರೇಸ್ ಮೂಲಕ ಮೇಲಿನ ಅರ್ಧದಲ್ಲಿ ಬೇಕಾದ ಅಂಕಿ ತುಂಬಿದರೆ ತಪಾಸಣೆ ಸಲೀಸಾಗಿ ದಾಟುತ್ತಿತ್ತು. ಕರ್ನಲ್ ಕೋಷ್ಟಕದ ಆಚೆ, ದಾಳಿಕೋರನೇ ಸಿದ್ಧಮಾಡಿಟ್ಟ ಸ್ಮೃತಿಗೆ ಹೋಗಿ ಅವನ ಕೋಡನ್ನೇ ನಡೆಸುತ್ತಿತ್ತು. ಸಾಮಾನ್ಯ ಬಳಕೆದಾರನ ಕೈಗೆ ರೂಟ್ ಅಧಿಕಾರ ಬಂದಂತೆ.

2007ರ ತಿದ್ದುಪಡಿ ಚೊಕ್ಕವಾಗಿತ್ತು. ಪಿಟ್ರೇಸ್ ಮುಗಿದ ಮೇಲೆ ರಿಜಿಸ್ಟರುಗಳನ್ನು ಸ್ಟ್ಯಾಕ್‌ನಿಂದ 32 ಬಿಟ್ ಸೂಚನೆಗಳಿಂದಲೇ ಮತ್ತೆ ತುಂಬುವ ಮ್ಯಾಕ್ರೋ ಒಂದನ್ನು ಸೇರಿಸಲಾಯಿತು. ಮೇಲಿನ ಅರ್ಧ ತಾನಾಗಿ ಅಳಿಸಿಹೋಯಿತು. ಕೊರತೆ ಅಡಗಿದ್ದದ್ದು ಆ ‘ತಾನಾಗಿ’ಯಲ್ಲೇ. ಇಎಎಕ್ಸ್ ತುಂಬುವ ಸಾಲು ಎರಡು ಕೆಲಸ ಹೊತ್ತಿತ್ತು: ಮೌಲ್ಯ ತರುವುದು, ಮೇಲಿನ ಅರ್ಧ ಅಳಿಸುವುದು. ಮೊದಲನೆಯದು ಕಣ್ಣಿಗೆ ಬೀಳುತ್ತಿತ್ತು, ಎರಡನೆಯದು ಇಲ್ಲ.

2008ರಲ್ಲಿ ಪಿಟ್ರೇಸ್ ಕೋಡನ್ನು ಒಗ್ಗೂಡಿಸುವಾಗ ಸಂಖ್ಯೆಯನ್ನು ಸಿ ಭಾಷೆಯ ಫಂಕ್ಷನ್ ನೇರವಾಗಿ ಹಿಂದಿರುಗಿಸತೊಡಗಿತು. ಇಎಎಕ್ಸ್ ಅನ್ನು ಮತ್ತೆ ತುಂಬುವ ಅಗತ್ಯವಿಲ್ಲವೆಂದು ಆ ಸಾಲನ್ನು ಕಾರಣ ಬರೆದೇ ತೆಗೆದರು. ಕಾರಣ ಸರಿಯಾಗಿಯೇ ಇತ್ತು. ಆದರೆ ಸಾಲಿನ ಜೊತೆ ಅಳಿಸುವ ಕೆಲಸವೂ ಹೋಯಿತು. 2010ರಲ್ಲಿ ಭದ್ರತಾ ಸಂಶೋಧಕ ಬೆನ್ ಹಾಕ್ಸ್ ಅದನ್ನು ಕಂಡುಹಿಡಿಯುವವರೆಗೆ ದೋಷ ಹಾಗೇ ಉಳಿಯಿತು. ತಪ್ಪು ಮರಳಿದರೆ ಎಚ್ಚರಿಸುವ ಪರೀಕ್ಷೆಯೊಂದು ಕರ್ನಲ್‌ನ ಜೊತೆಗೇ ಇದ್ದಿದ್ದರೆ ಇಷ್ಟು ಕಾಲ ಹಿಡಿಯುತ್ತಿರಲಿಲ್ಲ.

ಎರಡನೆಯ ತಿದ್ದುಪಡಿ ಮೊದಲನೆಯದಕ್ಕಿಂತ ಸ್ಪಷ್ಟವಾಗಿ ಮೇಲು. ರೋಲಂಡ್ ಮೆಗ್ರಾ ಅಳಿಸುವ ಸಾಲನ್ನು ಅದರ ಉದ್ದೇಶ ಕಾಣುವಂತೆ ಮತ್ತೆ ಬರೆದರು. ಎಚ್. ಪೀಟರ್ ಆನ್ವಿನ್ ತಪಾಸಣೆಯನ್ನೇ ಬದಲಿಸಿದರು: ‘ಸಿಎಂಪಿಎಲ್’ ಹೋಗಿ ‘ಸಿಎಂಪಿಕ್ಯೂ’ ಬಂತು, ಇಎಎಕ್ಸ್ ಬದಲು ಆರ್‌ಎಎಕ್ಸ್ ಇಡಿಯಾಗಿ ಪರೀಕ್ಷೆಗೆ ಒಳಗಾಯಿತು. ಬದಲಾದದ್ದು ಬೆರಳೆಣಿಕೆಯ ಅಕ್ಷರ, ಆದರೆ ಬೆಲೆ ದೊಡ್ಡದು. ಅಳಿಸುವ ಸಾಲನ್ನು ಮುಂದೆ ಯಾರಾದರೂ ಮತ್ತೆ ಕಿತ್ತಿದ್ದರೂ, ಪರೀಕ್ಷಿಸಿದ ಸಂಖ್ಯೆ ಮತ್ತು ಬಳಸುವ ಸಂಖ್ಯೆ ಒಂದೇ ಆಗಿರುತ್ತಿದ್ದವು.

ಮೂರನೆಯ ಹೆಜ್ಜೆ 2016ರ ಜನವರಿಯಲ್ಲಿ ಬಂದ ಕರ್ನಲ್‌ನ 4.4 ಆವೃತ್ತಿಯದು. ಆಂಡಿ ಲುಟೊಮಿರ್ಸ್ಕಿ 32 ಬಿಟ್ ಸಿಸ್ಟಂ ಕಾಲ್ ಸಾಗುವ ಈ ದಾರಿಯ ಬಹುಭಾಗವನ್ನು ಅಸೆಂಬ್ಲಿಯಿಂದ ಸಿ ಭಾಷೆಗೆ ತಂದರು. ಆ ಆವೃತ್ತಿಯಲ್ಲಿ ಸಂಖ್ಯೆ ಕೂರುತ್ತಿದ್ದದ್ದು 32 ಬಿಟ್‌ನ ಚಿಹ್ನೆರಹಿತ ಚರದಲ್ಲಿ. ತಪಾಸಣೆಗೂ ಕೋಷ್ಟಕಕ್ಕೂ ಅದೇ ಚರ. ಪಿಟ್ರೇಸ್ ದೊಡ್ಡ ಸಂಖ್ಯೆ ತುರುಕಿದರೂ ಅದು ಇಲ್ಲಿ ಕತ್ತರಿಸಲ್ಪಡುತ್ತದೆ ಎಂಬ ಟಿಪ್ಪಣಿ ಆ ಸಾಲಿನ ತಲೆಯ ಮೇಲೇ ಇತ್ತು, ತೆಗೆಯಹೊರಟವರ ಕಣ್ಣಿಗೆ ಮೊದಲು ಬೀಳುವಂತೆ.