ಹಿಪ್‌ಹಾಪ್ ಕವಿತ್ವದಲ್ಲಿ ಯಶಸ್ಸೂ ಅರ್ಥವೂ

ಅಮೆರಿಕದ ಹಿಪ್‌ಹಾಪ್ ಗಾನವನ್ನು ಕುರಿತು ಬರೆಯುವವರಲ್ಲಿ ಒಂದು ಮತವು ಬೇರೂರಿದೆ. ಬೀದಿಯಲ್ಲಿಯೂ ಗೆಳೆಯರ ಗೋಷ್ಠಿಯಲ್ಲಿಯೂ ಉಳಿದುದು ಶುದ್ಧ ಕವಿತ್ವ, ಕಂಪೆನಿಗಳ ಕೈಸೇರಿ ಹಣ ತಂದುದು ಭ್ರಷ್ಟ ಎಂಬುದೇ ಆ ಮತ. ಮೊದಲನೆಯದಕ್ಕೆ ಅವರು 'ಅಂಡರ್‌ಗ್ರೌಂಡ್' ಎಂದು ಹೆಸರಿಟ್ಟಿರುವರು. ಈ ವಿಭಾಗದಿಂದ ಕೃತಿಯ ಗುಣನಿರ್ಣಯವಾಗಬಲ್ಲುದೇ ಎಂಬುದು ವಿಚಾರಾರ್ಹವಾಗಿದೆ.

ಮಮ್ಮಟನು ಕಾವ್ಯಪ್ರಯೋಜನಗಳನ್ನು ಎಣಿಸುವಾಗ ಯಶಸ್ಸಿನ ಬೆನ್ನಿಗೇ ಅರ್ಥವನ್ನು ಹೇಳಿರುವನು. ಆದುದರಿಂದ ಹಣ ಬಂದುದೇ ದೋಷವೆನ್ನಲಾಗದು. ಯಶಸ್ಸೂ ಅರ್ಥವೂ ಯಾರಿಗೆ ಸಂದವು ಎಂಬುದನ್ನು ನೋಡಬೇಕು.

ಈ ಕಲೆಯು 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ಕೂಲ್ ಹರ್ಕ್ ಎಂಬವನು ನಡೆಸಿದ ನೃತ್ಯಕೂಟದಿಂದ ಮೊದಲಾಯಿತೆಂದು ಸಾಮಾನ್ಯವಾಗಿ ಗಣಿಸುವರು. ಮುಂದೆ ಕೆಲವು ವರ್ಷ ಅದು ಉದ್ಯಾನಗಳಲ್ಲಿಯೂ ಕೂಟಗಳಲ್ಲಿಯೂ ಬೆಳೆಯಿತು. ಪರರ ಪ್ರಾಸಗಳನ್ನು ಕದ್ದು ಹಾಡುವುದು ಅಲ್ಲಿ ನಿಂದ್ಯವಾಗಿದ್ದಿತು. ಕೇಳುವವರಿಗೆ ಕರ್ತೃವಿನ ಪರಿಚಯವಿದ್ದುದರಿಂದ ಕಳವು ಸುಲಭವಾಗಿ ಬಯಲಾಗುತ್ತಿದ್ದಿತು.

1979ರಲ್ಲಿ ಶುಗರ್‌ಹಿಲ್ ಕಂಪೆನಿಯು 'ರಾಪರ್ಸ್ ಡಿಲೈಟ್' ಎಂಬ ಹಾಡನ್ನು ಹೊರತಂದಿತು. ಅದು ದೇಶಾಂತರಗಳಲ್ಲಿಯೂ ಮಾರಾಟವಾಯಿತು. ಅದರಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಎಂಬವನು ಹಾಡಿದ ಪದ್ಯಗಳು ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬ ಕವಿಯ ರಚನೆಯಿಂದ ಬಂದವು. ನಮ್ಮ ವಚನಗಳಲ್ಲಿ ಅಂಕಿತವಿರುವಂತೆ ಕ್ಯಾಜನು ತನ್ನ ಕಾವ್ಯನಾಮದ ಅಕ್ಷರಗಳನ್ನು ಪದ್ಯದೊಳಗೇ ಹೆಣೆದಿದ್ದನು. ಹ್ಯಾಂಕನು ಆ ಅಕ್ಷರಗಳನ್ನೂ ಬಿಡದೆ ಹಾಡಿದನು. ಆದರೂ ಕರ್ತೃಗಳ ಸಾಲಿನಲ್ಲಿ ಕ್ಯಾಜನ ಹೆಸರು ಬರಲಿಲ್ಲ. ಅದೇ ಹಾಡು 'ಷಿಕ್' ತಂಡದ 'ಗುಡ್ ಟೈಮ್ಸ್' ಎಂಬ ಗೀತದ ವಾದ್ಯಭಾಗವನ್ನೂ ಎತ್ತಿಕೊಂಡಿದ್ದಿತು. ಅದರ ಕರ್ತೃಗಳಾದ ನೈಲ್ ರಾಜರ್ಸ್, ಬರ್ನಾರ್ಡ್ ಎಡ್ವರ್ಡ್ಸ್ ಇವರು ನ್ಯಾಯಾಲಯದ ಮಾತೆತ್ತಲಾಗಿ ಅವರಿಗೆ ಕರ್ತೃತ್ವವು ದೊರೆಯಿತು. ಕಾನೂನಿನ ಬಲವಿದ್ದವರಿಗೆ ಸಂದ ಹೆಸರು ಬೀದಿಯ ಕವಿಗೆ ಸಲ್ಲಲಿಲ್ಲ. ಬೆಲೆ ಕೊಟ್ಟು ಪರಕೃತಿಯನ್ನು ಕೊಂಡು ತನ್ನದೆನ್ನುವುದೂ ಹರಣವೇ ಎಂದು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಹೇಳಿರುವುದು ಇಲ್ಲಿ ಸ್ಮರಣೀಯ.

ಹಾಗಾದರೆ ಮಾರುಕಟ್ಟೆಯೇ ಅಪರಾಧಿಯೆಂಬ ಮತವು ಗೆದ್ದಿತೇ? ಹಾಗೆ ಹೇಳಲು ಬಾರದು. 1982ರಲ್ಲಿ ಅದೇ ಕಂಪೆನಿಯು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್ ಮತ್ತು ಫ್ಯೂರಿಯಸ್ ಫೈವ್ ತಂಡದ ಹೆಸರಿನಲ್ಲಿ 'ದಿ ಮೆಸೇಜ್' ಎಂಬ ಹಾಡನ್ನು ಪ್ರಕಟಿಸಿತು. ಬಡವರ ಕೇರಿಯ ದುಃಖವನ್ನು ವಿನೋದದ ಮುಸುಕಿಲ್ಲದೆ ಹೇಳಿದ ಕೃತಿಯಿದು. ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹದ 2002ನೆಯ ಸಾಲಿಗೆ ಆರಿಸಲ್ಪಟ್ಟು, ಹಿಪ್‌ಹಾಪ್ ಕೃತಿಗಳಲ್ಲಿ ಮೊದಲು ಆ ಮನ್ನಣೆ ಪಡೆದುದೂ ಇದೇ. ಒಂದೇ ಅಂಗಡಿಯಲ್ಲಿ ಹರಣವೂ ಮಾರಾಟವಾಯಿತು, ಕರುಣವೂ ಮಾರಾಟವಾಯಿತು.

ಆದಕಾರಣ 'ಅಂಡರ್‌ಗ್ರೌಂಡ್' ಎಂಬ ಮಾತು ಕೃತಿಯ ಸಂಚಾರಸ್ಥಳವನ್ನು ಹೇಳುವುದಲ್ಲದೆ ಗುಣವನ್ನು ಹೇಳುವುದಿಲ್ಲ. ಬೀದಿಯು ಕಾಪಾಡಿದುದು ಶುದ್ಧಿಯನ್ನಲ್ಲ, ಕವಿಗೂ ಶ್ರೋತೃವಿಗೂ ಇದ್ದ ಪರಿಚಯವನ್ನು. ಧ್ವನಿಮುದ್ರಿಕೆಯು ಕಂಠವನ್ನು ದೂರಕ್ಕೆ ಒಯ್ದಾಗ ಆ ಪರಿಚಯವು ಕಡಿಯಿತು. ಕಡಿದುದನ್ನು ಕೂಡಿಸಿ, ಪದ್ಯವು ಯಾರದೆಂದು ಹೇಳುವುದು ವಿಮರ್ಶಕನ ಮೊದಲ ಕರ್ತವ್ಯ. ಗುಣದೋಷ ವಿಚಾರವು ಅದರ ತರುವಾಯದ್ದು.