ಕೊಲ್ಲಿಯಲ್ಲೊಂದು ಕುಡ್ಲ

ಮಂಗಳೂರಿನವರು, ತುಳುವಿನಲ್ಲಿ ಕುಡ್ಲದವರು, ಊರು ಬಿಟ್ಟು ಹೋದಲ್ಲಿ ಮೊದಲು ಹುಡುಕುವುದು ಕುಚ್ಚಲಕ್ಕಿ, ಆಮೇಲೆ ಬಂಗುಡೆ, ಆಮೇಲೆ ಸಂಘ. ದುಬೈ, ಕುವೈತ್, ಬಹರೈನ್, ದೋಹಾ, ಎಲ್ಲಿ ಹೋದರೂ ಈ ಮೂರಕ್ಕೂ ಕೊರತೆಯಿಲ್ಲ. ಅಕ್ಕಿಯನ್ನೂ ಮೀನನ್ನೂ ವಿಮರ್ಶೆ ಮಾಡುವ ಅಗತ್ಯ ಇಲ್ಲ, ತಿಂದವರಿಗೇ ಗೊತ್ತಾಗುತ್ತದೆ. ಸಂಘದ ವಿಷಯ ಹಾಗಲ್ಲ. ಅಲ್ಲಿಂದ ಮಂಗಳೂರಿನ ಪತ್ರಿಕೆಗಳಿಗೆ ಬರುವುದು ದೀಪ ಬೆಳಗಿಸಿದ ಫೋಟೋ, ಶಾಲು ಹೊದಿಸಿದ ಫೋಟೋ, ಸಾಲಾಗಿ ನಿಂತ ಪದಾಧಿಕಾರಿಗಳ ಫೋಟೋ. ಪರದೇಶದಲ್ಲಿ ಸಂಸಾರ ಹೂಡುವವರಿಗೆ ಸಂಘದಿಂದ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದು ಕೇಳಿದವರು ಕಡಿಮೆ.

ಸಿಕ್ಕಿದ್ದನ್ನು ಮೊದಲು ಹೇಳಬೇಕು, ಅದೇನೂ ಸಣ್ಣದಲ್ಲ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ದುಬೈಗೆ ನೇರ ವಿಮಾನ ಬಂದದ್ದು 2006ರಲ್ಲಿ. ಅದಕ್ಕೆ ಮುಂಚೆ ಹೆಚ್ಚಿನವರು ಮುಂಬಯಿಗೆ ಬಸ್ಸಿನಲ್ಲಿ ಹೋಗಿ, ಯಾರದೋ ಕೋಣೆಯಲ್ಲಿ ದಿನ ಕಳೆದು, ಅಲ್ಲಿಂದ ಹಾರಬೇಕಿತ್ತು. ಈಗ ಹಾರುವುದು ಸುಲಭ, ಇಳಿದ ಮೇಲಿನದೇ ಕಷ್ಟ. ವಿಸಿಟ್ ವೀಸಾದಲ್ಲಿ ಇಳಿದ ಹುಡುಗನಿಗೆ ಮಲಗಲು ಬೆಡ್ ಸ್ಪೇಸ್ ಬೇಕು, ಎಂದರೆ ಒಂದು ಕೋಣೆಯಲ್ಲಿ ಒಂದು ಮಂಚದಷ್ಟು ಜಾಗ. ಬಯೋಡೇಟಾ ತಿದ್ದಿಕೊಡುವವರು ಬೇಕು, ಇಂಟರ್‌ವ್ಯೂ ಇದೆ ಎಂದು ಫೋನ್ ಮಾಡುವವರು ಬೇಕು. ಕೆಲಸ ಸಿಕ್ಕಿ ಹೆಂಡತಿ ಮಕ್ಕಳನ್ನು ಕರೆಸುವ ಹೊತ್ತಿಗೆ ಬೇರೆ ತಲೆಬಿಸಿ: ಮನೆಬಾಡಿಗೆಗೆ ಮುಂದಿನ ತಾರೀಕಿನ ಚೆಕ್ಕುಗಳು, ಶಾಲೆಯ ಸೀಟು, ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆ. ಇದನ್ನೆಲ್ಲ ಹೇಳಿಕೊಡುವ ಸರಕಾರಿ ಕಚೇರಿ ನಮ್ಮಲ್ಲಿಲ್ಲ. ಹೇಳಿಕೊಡುವವರು ಸಂಘದಲ್ಲಿ ಸಿಕ್ಕ ನಮ್ಮವರು. ಯಾರಾದರೂ ತೀರಿಕೊಂಡರೆ ಆಸ್ಪತ್ರೆ, ಪೊಲೀಸು, ದೂತಾವಾಸ ಸುತ್ತಿ, ಕಾಗದ ಮಾಡಿಸಿ, ಮೃತದೇಹವನ್ನು ಬಜ್ಪೆಗೆ ತಲುಪಿಸುವವರೂ ಅವರೇ. 2020ರ ಕೊರೊನಾ ದಿನಗಳಲ್ಲಿ ಕೆಲಸ ಹೋದವರನ್ನೂ ಬಸುರಿಯರನ್ನೂ ಊರಿಗೆ ಕಳಿಸಲು ಬಾಡಿಗೆ ವಿಮಾನಗಳನ್ನೇ ಗೊತ್ತುಮಾಡಿದರು. ಫೋಟೋಗಳಲ್ಲಿ ಕಾಣದ ಈ ಕೆಲಸಕ್ಕೆ ನನ್ನ ಲೆಕ್ಕದಲ್ಲಿ ಪೂರ್ತಿ ಅಂಕ.

ಆದರೆ ಸಂಘ ಕಟ್ಟುವ ಈ ಕ್ರಮ ಕೊಲ್ಲಿಯಲ್ಲಿ ಹುಟ್ಟಿದ್ದಲ್ಲ, ಮುಂಬಯಿಯಿಂದ ಹೋದದ್ದು. ಅಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲೇ ಆಯಿತು. ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ. ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗರು ಕೆಲಸ ಮುಗಿಸಿ ಇಂಥ ಸಂಘಗಳ ಕನ್ನಡ ರಾತ್ರಿಶಾಲೆಗೆ ಹೋದರು, ಮೆಟ್ರಿಕ್ ಮಾಡಿದರು, ವಕೀಲರಾದವರೂ ಇದ್ದಾರೆ. ಬಿಲ್ಲವರು 1978ರಲ್ಲಿ ಭಾರತ್ ಬ್ಯಾಂಕನ್ನೇ ಕಟ್ಟಿದರು. ಜಾತಿ ಹೆಸರಿನ ಸಂಘ ಎಂದು ಮೂಗು ಮುರಿಯುವವರೂ ಆ ರಾತ್ರಿಶಾಲೆಗಳ ಮುಂದೆ ಸುಮ್ಮನಾಗಬೇಕು. ದುಡಿದವನ ಮಗ ಅಲ್ಲಿಯೇ ಬೆಳೆದು, ಅಲ್ಲಿಯೇ ಓಟು ಹಾಕಿ, ಮುಂಬಯಿಗನೇ ಆದ. ಸಂಘ ಕಟ್ಟಿದ್ದು ಮುಂದಿನ ತಲೆಮಾರಿಗೂ ದಕ್ಕಿತು.

ಅದೇ ಅಚ್ಚನ್ನು ಕೊಲ್ಲಿಗೆ ಒಯ್ದಾಗ ಒಳಗಿನ ಹೂರಣ ಬದಲಾಯಿತು. ಅಲ್ಲಿ ಎಷ್ಟು ವರ್ಷ ಇದ್ದರೂ ಹೊರಗಿನವರೇ; ಹೆಚ್ಚಿನವರ ವೀಸಾ ಕೆಲಸಕ್ಕೆ ಕಟ್ಟಿದ್ದು, ಕೆಲಸ ಮುಗಿದ ದಿನ ಊರು ಮುಗಿಯಿತು. 1990ರ ಆಗಸ್ಟಿನಲ್ಲಿ ಕುವೈತಿನ ಮೇಲೆ ದಾಳಿಯಾದಾಗ ಸಂಸಾರಗಳು ಉಟ್ಟ ಬಟ್ಟೆಯಲ್ಲಿ ಅಮ್ಮಾನಿನ ದಾರಿ ಹಿಡಿದು ಮುಂಬಯಿಗೆ ಬಂದವು. ಸೌದಿ ಅರೇಬಿಯಾ 2017ರಲ್ಲಿ ವಿದೇಶಿಯರ ಮನೆಮಂದಿಗೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿ, ವರ್ಷ ವರ್ಷ ಏರಿಸಿದಾಗ ಗಂಡ ಅಲ್ಲಿ, ಹೆಂಡತಿ ಮಕ್ಕಳು ಇಲ್ಲಿ ಎಂದಾದ ಮನೆಗಳು ನಮ್ಮ ಕರಾವಳಿಯಲ್ಲಿ ಕಡಿಮೆಯಿಲ್ಲ. ಇಂಥ ನೆಲದಲ್ಲಿ ಯಾರು ಬ್ಯಾಂಕು ಕಟ್ಟುತ್ತಾರೆ? ಚಂದಾ ಎತ್ತಲು, ಸಭೆ ಸೇರಲು ಕೂಡ ಅನುಮತಿಯ ಕಟ್ಟುಪಾಡು. ಹೀಗಾಗಿ ಸಂಘದ ಶಕ್ತಿಯೆಲ್ಲ ಒಂದು ಸಂಜೆಯ ಕಾರ್ಯಕ್ರಮಕ್ಕೆ ಹರಿಯಿತು.

ಆ ಸಂಜೆಯನ್ನು ಕಣ್ಣುಮುಚ್ಚಿ ವರ್ಣಿಸಬಹುದು. ಊರಿನಿಂದ ಬಂದ ಒಬ್ಬ ರಾಜಕಾರಣಿ, ಒಬ್ಬ ಸಿನಿಮಾದವರು, ಒಬ್ಬ ಹಾಸ್ಯ ಕಲಾವಿದ. ಸ್ಮರಣ ಸಂಚಿಕೆ, ಅದರಲ್ಲಿ ಲೇಖನಕ್ಕಿಂತ ಜಾಹೀರಾತು ಹೆಚ್ಚು. ಆಮೇಲೆ ಸನ್ಮಾನ. ಜಗತ್ತಿನಲ್ಲಿ ಶಾಲು ಬೇಡವೇ ಬೇಡ ಎನ್ನುವಂಥ ಹವೆ ಎಲ್ಲಾದರೂ ಇದ್ದರೆ ಅದು ಕೊಲ್ಲಿಯಲ್ಲಿ. ಅಲ್ಲಿ ಹೊದಿಸಿದಷ್ಟು ಶಾಲುಗಳನ್ನು ಮಡಿಕೇರಿಯಲ್ಲೂ ಹೊದಿಸಿರಲಿಕ್ಕಿಲ್ಲ. ಮಲ್ಲಿಗೆ ಮಾತ್ರ ಅಸಲಿ, ಶಂಕರಪುರದಿಂದಲೇ ವಿಮಾನದಲ್ಲಿ ಹೋದದ್ದು. ವಾರವಿಡೀ ದುಡಿದವರು ರೇಷ್ಮೆಸೀರೆ, ಜುಬ್ಬಾ ತೊಟ್ಟು ಒಟ್ಟಿಗೆ ಉಣ್ಣುವುದನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಮರುದಿನ ಬೆಳಿಗ್ಗೆ ಅದರಿಂದ ಉಳಿಯುವುದು ಫೋಟೋ ಅಷ್ಟೆ. ಹೊಸದಾಗಿ ಬಂದ ಸಂಸಾರಕ್ಕೆ ವೇದಿಕೆಯ ಮೇಲೆ ಜಾಗವಿಲ್ಲ, ಕೆಳಗೆ ಪರಿಚಯವಿಲ್ಲ.

ಇದಕ್ಕೆ ವಿರುದ್ಧವಾದ ಮಾದರಿ ಅಲ್ಲಿಯೇ ಇದೆ. ದುಬೈಯಲ್ಲಿ ಯಕ್ಷಗಾನ ಅಭ್ಯಾಸ ಕೇಂದ್ರ ನಡೆಯುತ್ತದೆ. ರಜಾದಿನದ ಕನ್ನಡ ಪಾಠಶಾಲೆಯೂ ಇದೆ. ಯಕ್ಷಗಾನ ಕಾರ್ಯಕ್ರಮವೂ ಕಡೆಗೆ ಒಂದು ಸಂಜೆಯದ್ದೇ, ಭಾಗವತರು ಹೆಚ್ಚಾಗಿ ಊರಿನಿಂದಲೇ ಹೋಗುತ್ತಾರೆ. ವ್ಯತ್ಯಾಸ ಇರುವುದು ಅದರ ಹಿಂದಿನ ತಿಂಗಳುಗಳಲ್ಲಿ. ತಾಳ ತಪ್ಪಿದರೆ ಮತ್ತೆ ಮೊದಲಿನಿಂದ. ಗಿರಗಿರ ಸುತ್ತುವ ಧೀಂಗಿಣ ಒಂದೇ ದಿನದಲ್ಲಿ ಬರುವುದಿಲ್ಲ. ಮಗುವನ್ನು ವಾರ ವಾರ ಕರೆತರುವ ಅಮ್ಮಂದಿರು ಗೋಡೆಗೆ ಒರಗಿ ಕೂತು ಡಾಕ್ಟರ ವಿಷಯ, ಟ್ಯೂಷನ್ ವಿಷಯ, ಮನೆ ಖಾಲಿ ಇರುವ ವಿಷಯ ಮಾತಾಡುತ್ತಾರೆ. ನೆಲೆ ಕಂಡುಕೊಳ್ಳುವುದು ಎಂದರೆ ಇದೇ ತಾನೆ?

ಕಲೆಯಾಗಿ ನೋಡಿದರೆ ಅಲ್ಲಿನ ಯಕ್ಷಗಾನದ ಆಟಕ್ಕೆ ದೊಡ್ಡ ಕುಂದೊಂದಿದೆ, ಅದನ್ನೂ ಹೇಳಬೇಕು. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ಜೀವ ಅರ್ಥಗಾರಿಕೆಯಲ್ಲಿ, ಅಲ್ಲಲ್ಲೇ ಹುಟ್ಟುವ ಮಾತಿನಲ್ಲಿ. ಕನ್ನಡ ಓದಲು ಬಾರದ ಮಕ್ಕಳು ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವುದುಂಟು. ಎದುರಿನ ವೇಷ ಒಂದು ಮಾತು ಹೆಚ್ಚು ಆಡಿದರೆ ಪಾಪ, ಕಣ್ಣು ಬಿಡುತ್ತವೆ. ಕುಣಿತ ನೋಡಿದರೆ ಮಾತ್ರ ಎಷ್ಟೋ ಕಡೆ ಊರಿನ ಮಕ್ಕಳಿಗಿಂತ ಒಂದು ಕೈ ಮೇಲೆ. ಕೇಂದ್ರವೂ ಪಾಠಶಾಲೆಯೂ ಒಂದೇ ಮಗುವನ್ನು ಹಂಚಿಕೊಂಡರೆ ಈ ಕುಂದು ಅರ್ಧ ತುಂಬೀತು.

ನನ್ನ ಮುಖ್ಯ ತಕರಾರು ಬೇರೆ. ಕೊಲ್ಲಿಯಲ್ಲಿ ಮಂಗಳೂರನ್ನು ಕಟ್ಟಿದವರು ಅದರ ಓಣಿಗಳನ್ನು ಕಟ್ಟಿದರು, ಪೇಟೆಯನ್ನು ಮರೆತರು. ಬಂಟರದ್ದು ಒಂದು ಕೂಟ, ಬಿಲ್ಲವರದ್ದು ಇನ್ನೊಂದು, ಬ್ಯಾರಿಗಳದ್ದು ಮತ್ತೊಂದು, ಕೊಂಕಣಿ ಕ್ರೈಸ್ತರದ್ದು ಬೇರೆ, ಸಾರಸ್ವತರದ್ದು ಬೇರೆ. ಮಂಗಳೂರಿನಲ್ಲೂ ಇವೆಲ್ಲ ಇಲ್ಲವೆ ಎಂದರೆ ಇವೆ. ಆದರೆ ಇಲ್ಲಿ ಮೀನಿನ ಧಕ್ಕೆ ಇದೆ, ಸೆಂಟ್ರಲ್ ಮಾರ್ಕೆಟ್ ಇತ್ತು, ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ ಇದೆ. ಮನೆಯಲ್ಲಿ ಕೊಂಕಣಿ ಆಡುವವರೂ ಬ್ಯಾರಿ ಆಡುವವರೂ ಮೀನಿನ ಕ್ರಯಕ್ಕೆ ತುಳುವಿನಲ್ಲೇ ಚೌಕಾಸಿ ಮಾಡಬೇಕು, ಬಸ್ಸಿನ ಕಂಡಕ್ಟರನ ಹತ್ತಿರ ತುಳುವಿನಲ್ಲೇ ಜಗಳ ಮಾಡಬೇಕು. ಯಾರೂ ಕಲಿಸದೆ ತುಳು ಬರುವುದು ಹಾಗೆ. ದುಬೈಯ ಕರಾಮದಲ್ಲಿ ಬೆಳೆದ ಮಂಗಳೂರಿನ ಎರಡು ಮಕ್ಕಳು ಎದುರಾದರೆ ಆಡುವುದು ಇಂಗ್ಲಿಷು, ಸ್ವಲ್ಪ ಹಿಂದಿ. 2018ರ ನವೆಂಬರಿನಲ್ಲಿ ದುಬೈಯಲ್ಲಿ ವಿಶ್ವ ತುಳು ಸಮ್ಮೇಳನ ನಡೆದಾಗ ಎಲ್ಲ ಓಣಿಯವರೂ ಒಂದೇ ಕಡೆ ಸೇರಿದ್ದರು. ಎರಡು ದಿನ! ಆ ಎರಡು ದಿನವನ್ನು ವರ್ಷಕ್ಕೆ ಹಿಗ್ಗಿಸುವ ಉಪಾಯ ಯಾರಿಗಾದರೂ ಹೊಳೆದಿದ್ದರೆ ಈ ಲೇಖನದ ಧಾಟಿ ಬೇರೆಯಾಗುತ್ತಿತ್ತು.

ಇನ್ನು, ಗಂಡ ಕೆಲಸಕ್ಕೆ ಹೋದ ಮೇಲೆ ಮನೆಯೊಳಗೆ ಉಳಿಯುವ ಹೆಂಗಸರದ್ದು. ಬಿ.ಎಡ್. ಮಾಡಿದವರು, ಬ್ಯಾಂಕಿನಲ್ಲಿದ್ದವರು ಗಂಡನ ವೀಸಾದಲ್ಲಿ ಹೋಗಿ ಹತ್ತನೇ ಮಾಳಿಗೆಯಲ್ಲಿ ಕೂತಿದ್ದಾರೆ. ಸಂಘದ ಮಹಿಳಾ ವಿಭಾಗ ಅವರಿಗೆ ಕೊಡುವುದು ಅಡುಗೆ ಸ್ಪರ್ಧೆ, ರಂಗೋಲಿ ಸ್ಪರ್ಧೆ. ಅವರ ದಿನ ನಿಜಕ್ಕೂ ನಡೆಯುವುದು ಮಲಯಾಳಿ ನೆರೆಮನೆಯವಳ ಜೊತೆ, ಕೆಳಗಿನ ಬಖಾಲದ, ಎಂದರೆ ದಿನಸಿ ಅಂಗಡಿಯ, ಕಾಸರಗೋಡಿನ ಹುಡುಗನ ಜೊತೆ, ಮಗುವಿನ ಶಾಲೆಯ ಫಿಲಿಪ್ಪೀನ್ಸಿನ ಆಯಾಳ ಜೊತೆ. ಬಾಲ್ಕನಿಯ ಕುಂಡದಲ್ಲಿ ಬಸಳೆ ಹಬ್ಬಿಸಿ ಆ ನೆರೆಮನೆಗೂ ಎರಡು ದಂಟು ಕೊಟ್ಟವಳು ಯಾವ ಅಧ್ಯಕ್ಷರಿಗಿಂತಲೂ ಗಟ್ಟಿಯಾಗಿ ಅಲ್ಲಿ ಬೇರೂರಿದ್ದಾಳೆ. ಅವಳ ಈ ಒಡನಾಟಕ್ಕೆ ಸಂಘದ ಆಮಂತ್ರಣ ಪತ್ರಿಕೆಯಲ್ಲಿ ಒಂದು ಸಾಲೂ ಇಲ್ಲ. ನೆರೆಮನೆಯವಳನ್ನು ಕರೆದುಕೊಂಡು ಬನ್ನಿ ಎಂದು ಬರೆಯಲು ಖರ್ಚೇನೂ ಇಲ್ಲವಲ್ಲ.

ಕೊನೆಗೆ ಎಲ್ಲರೂ ಬರುವುದು ಇಲ್ಲಿಗೇ. ಅರವತ್ತು ದಾಟುವ ಹೊತ್ತಿಗೆ ವೀಸಾ ಮುಗಿದು, ಮಕ್ಕಳು ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಹೋಗಿ, ಗಂಡ ಹೆಂಡತಿ ಮಂಗಳೂರಿನ ಬಿಜೈಯಲ್ಲೋ ಕದ್ರಿಯಲ್ಲೋ ಬೀಗ ಹಾಕಿಟ್ಟಿದ್ದ ಫ್ಲ್ಯಾಟಿನ ಬೀಗ ತೆಗೆಯುತ್ತಾರೆ. ಊರೇ ಹೊಸತು, ಇವರಿಗೆ ಗೊತ್ತಿದ್ದ ವೈದ್ಯರಿಲ್ಲ, ನೆರೆಯವರಿಲ್ಲ. ಅಲ್ಲಿ ವಿಮಾನ ನಿಲ್ದಾಣಕ್ಕೇ ಬಂದು ಕರೆದೊಯ್ದ ಸಂಘ ಬಜ್ಪೆಯಲ್ಲಿ ಇರುವುದಿಲ್ಲ. ಪಕ್ಕದ ಕೇರಳ 2008ರಲ್ಲಿ ಕಾನೂನು ಮಾಡಿ ಹೊರದೇಶದಲ್ಲಿ ದುಡಿಯುವವರಿಗಾಗಿ ‘ಪ್ರವಾಸಿ’ ಕಲ್ಯಾಣ ಮಂಡಳಿ ಕಟ್ಟಿತು. ಹೊರದೇಶದಲ್ಲಿದ್ದಾಗ ತಿಂಗಳು ತಿಂಗಳು ಸ್ವಲ್ಪ ಕಟ್ಟಿದವರಿಗೆ ಅರವತ್ತರ ಮೇಲೆ ಪಿಂಚಣಿ. ಮಂಜೇಶ್ವರದ ಕನ್ನಡಿಗನಿಗೆ ಅದು ಸಿಗುತ್ತದೆ, ಗಡಿಯ ಈಚೆ ತಲಪಾಡಿಯವನು ನೋಡುತ್ತಾ ಕೂರಬೇಕು. ನಮ್ಮ ಸಂಘಗಳೂ ಇಂಥದಕ್ಕಾಗಿ ಬೆಂಗಳೂರಿನಿಂದ ಬಂದ ಮಂತ್ರಿಗಳಿಗೆ ಮನವಿ ಕೊಡದೆ ಇಲ್ಲ. ಪ್ರತಿ ಸಂಘವೂ ಬೇರೆ ಬೇರೆ ವೇದಿಕೆಯಲ್ಲಿ, ಬೇರೆ ಬೇರೆ ಕಾಗದದಲ್ಲಿ, ಶಾಲು ಹೊದಿಸಿದ ಮೇಲೆ ಕೊಟ್ಟಿದೆ.